ಕಲಾಯಿ

ಇಲ್ಲಿಗೆ ಬರುವುದೆಲ್ಲ ಸೋತದ್ದು.
ಸಡಿಲಾದದ್ದು, ಸವೆದದ್ದು,
ಸುತ್ತಲ ಮಾಂಸಕ್ಕೆ ಕಪ್ಪು ಮಸಿ ಬಳಿದು ಹೊರಬಿದ್ದದ್ದು.
ಗೆದ್ದ ಸೊಂಟಗಳು ಹಿಂದಿರುಗುವುದಿಲ್ಲ.
ಅವು ಬಸ್ಸು ಹತ್ತುತ್ತವೆ, ನಾಯಿಯನ್ನು ಅಡ್ಡಾಡಿಸುತ್ತವೆ,
ಒಂದು ದಿನ ಒಡೆಯರ ಜೊತೆ ಮಣ್ಣಿಗೋ ಬೆಂಕಿಗೋ ಹೋಗುತ್ತವೆ
ನಮಗೊಂದು ಕಾಗದವನ್ನೂ ಹಾಕದೆ.

ಶೆಫೀಲ್ಡಿನ ಅಟರ್‌ಕ್ಲಿಫ್, ಕಾಲುವೆ ಪಕ್ಕದ ಶೆಡ್ಡು.
ಹಿಂದೆ ಇಲ್ಲಿ ಚಾಕು ಚಮಚಕ್ಕೆ ಮೆರುಗು ಕೊಡುತ್ತಿದ್ದರಂತೆ.
ಈಗ ನಾನು, ಕಿವಿಗೆ ಮುಚ್ಚಳ, ಕಣ್ಣಿಗೆ ಕಪ್ಪು ಗಾಜು,
ಟೈಟೇನಿಯಂ ದಂಟುಗಳ ಮೇಲೆ
ಎಲುಬಿನ ಉಪ್ಪನ್ನು ಬೆಂಕಿಯಿಂದ ಉಗುಳಿಸುವವಳು.

ಮೊದಲು ಗರಸು ಹೊಡೆದು ಮೈ ಒರಟು ಮಾಡಬೇಕು,
ನುಣ್ಣಗಿನ ಮೈಗೆ ಯಾವುದೂ ಅಂಟುವುದಿಲ್ಲ.
ಆಮೇಲೆ ಆರ್ಗಾನ್. ಆಮೇಲೆ ಕಿಡಿ.
ಸೂರ್ಯನ ಮೈಗಿಂತ ಬಿಸಿಯಾದ ಆ ನಾಲಗೆಯಲ್ಲಿ
ಬಿಳಿ ಪುಡಿ ಹಾಯುತ್ತದೆ, ಅರೆಬರೆ ಕರಗುತ್ತದೆ,
ಲೋಹಕ್ಕೆ ಬಡಿದು ರೊಟ್ಟಿಯಂತೆ ಚಪ್ಪಟೆಯಾಗುತ್ತದೆ,
ರೊಟ್ಟಿಯ ಮೇಲೆ ರೊಟ್ಟಿ,
ಎಲ್ಲ ಸೇರಿ ಒಂದು ಕೂದಲಿನ ದಪ್ಪ.
ಹೆಚ್ಚಾದರೆ ಬಿರುಕು.

ನಮ್ಮಜ್ಜ ಹುಸೇನಸಾಬ ಲಕ್ಷ್ಮೇಶ್ವರದ ಓಣಿಗಳಲ್ಲಿ
ಕಲಾಯ್, ಕಲಾಯ್ ಎಂದು ಕೂಗುತ್ತ ಬರುತ್ತಿದ್ದ.
ಮದುವೆ ಮನೆಯ ಹಂಡೆಯೊಳಗೆ ಇಳಿದು, ಗೋಡೆ ಹಿಡಿದು,
ಮರಳಿನ ಮೇಲೆ ಸೊಂಟ ತಿರುವಿ ತಿರುವಿ ಕಾಲಲ್ಲೇ ತಿಕ್ಕುತ್ತಿದ್ದ.
ತಿದಿ ಒತ್ತುವ ಕೆಲಸ ನನ್ನದು.
ನವಸಾಗರದ ಹೊಗೆ, ಅರಳೆಯ ಒಂದು ಸುತ್ತು,
ತಾಮ್ರದೊಳಗಿಂದ ಕೆಮ್ಮುತ್ತಲೇ ಎದ್ದು ಬರುವ ನನ್ನ ಮುಖ.
“ತವರ ಇಲ್ಲದ ಪಾತ್ರ್ಯಾಗ ಸಾರು ಕಿಲುಬತೈತಿ” ಎಂದರೆ
ನನಗದು ತವರು ಎಂದೇ ಕೇಳಿಸಿ
ಆ ಪಾತ್ರೆಗಾಗಿ ಎಷ್ಟು ದಿನ ಮರುಗಿದ್ದೆ!

ಗಟ್ಟಿಯಾಗಿ ಹಚ್ಚು ಅಜ್ಜಾ, ಹತ್ತು ವರ್ಷ ಇರಲಿ ಎಂದರೆ
“ಅದು ಉಳದ್ರ ನಾ ಉಳಿಯಾಂಗಿಲ್ಲ, ಮಗಳ.”
ನಗುತ್ತಿದ್ದ. ನಡೆವಾಗ ಎಡಗಾಲು ಎಳೆಯುತ್ತಿದ್ದ.
ಹಂಡೆಗಳು ತಿಂದ ಸೊಂಟಕ್ಕೆ ಕಲಾಯಿ ಇರಲಿಲ್ಲ.

ಹೋದ ನವೆಂಬರಿನಲ್ಲಿ ಒಂದು ಜಾಡಿ ಬಂತು.
ಗ್ಲೆನಿಸ್ ಸ್ಟ್ಯಾನಿಫರ್ತ್, ಅಂಚೆಯವಳು,
ವಾಕ್ಲಿಯ ಆ ಗೋಡೆಯಂಥ ಬೀದಿಗಳಲ್ಲಿ
ಕಂಬಿ ಹಿಡಿದು ಹತ್ತಿ, ಕಂಬಿ ಹಿಡಿದು ಇಳಿದವಳು.
ಜೊತೆಗೆ ಬದುಕಿದ್ದಾಗಲೇ ಬರೆದಿಟ್ಟ ಎರಡು ಸಾಲು:
ಹತ್ತೊಂಬತ್ತು ವರ್ಷ ನಡೆದಿದ್ದೇನೆ, ತಕರಾರಿಲ್ಲ.
ಬೇಕಾದರೆ ಬಿಚ್ಚಿ ನೋಡಿ.

ಬ್ಯಾಚ್ ಪುಸ್ತಕ ತೆಗೆದೆ. ನನ್ನದೇ ಸಹಿ,
ಕೆಲಸಕ್ಕೆ ಸೇರಿದ ಎರಡನೇ ವಾರದ್ದು.
ಪಕ್ಕದಲ್ಲಿ ರೆಜ್ ಬೂತ್‌ರಾಯ್ಡನ ಪೆನ್ಸಿಲ್ಲು:
ತುಸು ತೆಳು. ಹೋಗಲಿ ಬಿಡು.

ವಜ್ರದ ಗರಗಸದಲ್ಲಿ ಅಡ್ಡ ಕೊಯ್ದು ಮಸೂರದ ಕೆಳಗಿಟ್ಟೆ.
ನನ್ನ ಲೇಪವನ್ನು ಹುಡುಕಿದೆ.
ಅಲ್ಲೊಂದು ಇಲ್ಲೊಂದು ನಡುಗಡ್ಡೆ, ಅಷ್ಟೇ.
ಮಿಕ್ಕ ಕಡೆಯೆಲ್ಲ ಅದು ತಾನೇ ಕರಗಿ
ಸದ್ದಿಲ್ಲದೆ ಜಾಗ ಬಿಟ್ಟುಕೊಟ್ಟಿತ್ತು.
ಗರಸು ಕಚ್ಚಿದ ಪ್ರತಿ ಗುಳಿಯಲ್ಲೂ ಎಲುಬು,
ಗ್ಲೆನಿಸಳ ಎಲುಬು, ಬಂದು ಕೂತಿತ್ತು
ಬಾಡಿಗೆ ಮನೆ ಸ್ವಂತ ಮಾಡಿಕೊಂಡವರ ಹಾಗೆ.

ವರದಿಯಲ್ಲಿ ಒಂದೇ ಕಲಮು: ಉಳಿದ ಲೇಪ, ಶೇಕಡಾ.
ಆರು ಎಂದು ಬರೆದೆ.
ಉಳಿಯದೆ ಹೋದದ್ದು ಮಾಡಿದ ಕೆಲಸಕ್ಕೆ ಕಲಮಿಲ್ಲ.
ಅಜ್ಜ, ನೀನು ನಕ್ಕದ್ದು ಹೊಟ್ಟೆಪಾಡಿಗೆ,
ಆದರೂ ಅರ್ಧ ಸರಿಯಿತ್ತು.

ಚೂರುಗಳನ್ನು ಮಗಳಿಗೆ ಹಿಂದಿರುಗಿಸಬೇಕಂತೆ,
ಲೋಹ ಬೇರೆ, ಎಲುಬು ಬೇರೆ ಮಾಡಿ.
ಆಗುವುದಿಲ್ಲ ಎಂದು ಫೋನಿನಲ್ಲಿ ಹೇಳಿದೆ.
ಅತ್ತ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ,
ಹೌದು, ಅಮ್ಮ ಹಾಗೇ, ಹಿಡಿದದ್ದು ಬಿಡುತ್ತಿರಲಿಲ್ಲ ಎಂದಳು.

ಹೊರಗೆ ಟ್ರಾಮ್ ಹೋಯಿತು, ಮೇಜಿನ ಮೇಲಿನ ಗಾಜು ಅದುರಿತು.
ಚೌಕಟ್ಟಿನಲ್ಲಿ ನಲವತ್ತು ದಂಟುಗಳು
ಒರಟು ಮೈ ತೋರಿಸಿ ಕಾದಿದ್ದವು.
ಕನ್ನಡಕ ಇಳಿಸಿಕೊಂಡೆ,
ಕಾಲಲ್ಲಿ ತಿದಿ ಒತ್ತಿದೆ.